05/03 ಎಂದರೆ ಮಾರ್ಚೋ ಮೇಯೋ: ಬಹುಭಾಷಾ ಫಾರಂನ ದಿನಾಂಕ ಫೀಲ್ಡ್ ದುರಸ್ತಿ

ಕೈಗೆ ಬಂದದ್ದು ಜ್ಯಾಂಗೋದಲ್ಲಿ (ಪೈಥಾನಿನ ವೆಬ್ ಚೌಕಟ್ಟು) ಕಟ್ಟಿದ ಒಂದು ಬುಕಿಂಗ್ ಫಾರಂ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಪುಟಗಳು ಇಂಗ್ಲಿಷ್, ಕನ್ನಡ, ಜರ್ಮನ್ ಮೂರು ಭಾಷೆಗಳಲ್ಲಿ. ಹೊಸ ಬುಕಿಂಗ್ ಪುಟದಲ್ಲಿ ದಿನಾಂಕಕ್ಕೆ ಮಾಮೂಲಿ ಟೆಕ್ಸ್ಟ್ ಬಾಕ್ಸ್, ಅದರ ಪಕ್ಕ ಜಾವಾಸ್ಕ್ರಿಪ್ಟ್ ಕ್ಯಾಲೆಂಡರ್. ಟೈಪ್ ಮಾಡಿದರೂ ಆಯಿತು, ಕ್ಯಾಲೆಂಡರಿನಲ್ಲಿ ಒತ್ತಿದರೂ ಆಯಿತು. ತಿದ್ದುಪಡಿ ಪುಟವನ್ನು ಆಮೇಲೆ ಬರೆದದ್ದರಿಂದ ಅಲ್ಲಿ ಬ್ರೌಸರಿನದೇ ಡೇಟ್ ಇನ್‌ಪುಟ್ ಇತ್ತು. 60 ದಿನದೊಳಗಿನ ದಿನಕ್ಕೆ ಮಾತ್ರ ಬುಕಿಂಗ್ ಎಂಬ ನಿಯಮವೂ ಇತ್ತು. ಆದರೆ ಅದು ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಮಸುಕು ಮಾಡುವುದರಲ್ಲೇ ಮುಗಿದಿತ್ತು. ಸರ್ವರಿನಲ್ಲಿ ಅದರ ಸುಳಿವೇ ಇರಲಿಲ್ಲ.

ದೂರುಗಳು ಮೂರು ಬಗೆ. ಮಾರ್ಚ್ 5ಕ್ಕೆ ಕೇಳಿದ್ದು ಮೇ 3ಕ್ಕೆ ದಾಖಲಾಗಿದೆ ಎಂಬುದು ಒಂದು. ಒತ್ತಿದ ದಿನಕ್ಕಿಂತ ಒಂದು ದಿನ ಹಿಂದಕ್ಕೆ ಬಿದ್ದಿದೆ ಎಂಬುದು ಇನ್ನೊಂದು. ಮೂರನೆಯದು ವಿಚಿತ್ರ: ಫೋನ್ ನಂಬರ್ ಬದಲಿಸಲೆಂದು ತಿದ್ದುಪಡಿ ಪುಟ ತೆರೆದು ಸೇವ್ ಒತ್ತಿದರೆ ದಿನಾಂಕವೇ ಮಾಯ. ಮೂರಕ್ಕೂ ಒಂದೇ ಕಾರಣ ಇರಬೇಕೆಂದು ಹುಡುಕುತ್ತ ಹೋದರೆ ಎಲ್ಲಿಗೂ ಮುಟ್ಟುವುದಿಲ್ಲ. ಒಂದು ಸರ್ವರಿನ ಪಾರ್ಸರಿನಲ್ಲಿದೆ (ಬರೆದ ಅಕ್ಷರಗಳನ್ನು ದಿನಾಂಕವಾಗಿ ಓದುವ ಕೋಡ್), ಒಂದು ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿದೆ, ಒಂದು ಎಚ್‌ಟಿಎಂಎಲ್ ಬರೆಯುವ ವಿಜೆಟ್ಟಿನಲ್ಲಿದೆ. ಸಾಲದ್ದಕ್ಕೆ, ಮೊದಲನೆಯದನ್ನು ಸರಿಮಾಡಿದರೆ ಮೂರನೆಯದು ಇನ್ನೊಂದು ಭಾಷೆಗೂ ಹಬ್ಬುತ್ತದೆ. ಅದು ಹೇಗೆಂದು ಮುಂದೆ ಬರುತ್ತದೆ.

## ಮೊದಲು ಕಚ್ಚಾ ಅಕ್ಷರ ಹಿಡಿದಿಡಿ

ಕೋಡ್ ಮುಟ್ಟುವ ಮುಂಚೆ ಟೇಬಲ್ಲಿಗೆ ಎರಡು ಕಾಲಂ ಸೇರಿಸಿದ್ದಾಯಿತು. ಒಂದರಲ್ಲಿ ಬ್ರೌಸರ್ ಕಳಿಸಿದ ದಿನಾಂಕದ ಅಕ್ಷರಗಳು, ಪಾರ್ಸ್ ಆಗುವ ಮೊದಲಿನ ರೂಪದಲ್ಲಿ. 64 ಅಕ್ಷರದ ಜಾಗ ಧಾರಾಳ. ಇನ್ನೊಂದರಲ್ಲಿ ಆ ಫಾರಂ ಯಾವ ಭಾಷೆಯಲ್ಲಿ ತೆರೆದಿತ್ತು ಎಂಬ ಕೋಡ್. ಇವಿಲ್ಲದೆ ಡೇಟಾಬೇಸನ್ನೇ ನೋಡುತ್ತ ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ: ಅಲ್ಲಿರುವುದು ಮೇ 3 ಎಂಬ ಅಚ್ಚುಕಟ್ಟಾದ ದಿನಾಂಕ, ಅದು 05/03ರಿಂದ ಹುಟ್ಟಿತೋ ನಿಜವಾಗಿಯೂ ಮೇ 3 ಆಗಿತ್ತೋ ಎಂದು ಅದಕ್ಕೇ ಗೊತ್ತಿಲ್ಲ.

ಹಳೆಯ ಸಾಲುಗಳಲ್ಲಿ ಕಚ್ಚಾ ಅಕ್ಷರ ಇಲ್ಲದಿದ್ದರೂ ಅದಲುಬದಲಿನ ಗುರುತು ಸಿಗುತ್ತದೆ. ಮಾರ್ಚ್ ತಿಂಗಳಲ್ಲಿ ಸೃಷ್ಟಿಯಾದ ಬುಕಿಂಗುಗಳನ್ನಷ್ಟೇ ತೆಗೆದು, ದಾಖಲಾದ ದಿನಾಂಕದ ಮೇಲೆ ಗುಂಪು ಮಾಡಿ ಎಣಿಸಿ. ಬುಕಿಂಗ್ ಮಾಡುವವರು ಸಾಮಾನ್ಯವಾಗಿ ಹತ್ತಿರದ ದಿನಗಳನ್ನೇ ಕೇಳುತ್ತಾರೆ. ಆದ್ದರಿಂದ ಮಾರ್ಚ್ 1ರಿಂದ 31ರವರೆಗೆ ಎಲ್ಲ ದಿನಗಳಲ್ಲೂ ಹರಡಿರಬೇಕು. ದೋಷವಿದ್ದರೆ ಮಾರ್ಚ್ 13ರಿಂದ 31 ತುಂಬಿರುತ್ತದೆ, 1ರಿಂದ 12ರವರೆಗೆ ಬಹುಪಾಲು ಖಾಲಿ, ನಡುವೆ ಮಾರ್ಚ್ 3 ಮಾತ್ರ ಎದ್ದು ನಿಂತಿರುತ್ತದೆ. ಖಾಲಿಯಾದ ಬುಕಿಂಗುಗಳೆಲ್ಲ ಜನವರಿ 3, ಫೆಬ್ರವರಿ 3, ಏಪ್ರಿಲ್ 3 ಎಂದು ಡಿಸೆಂಬರ್ 3ರವರೆಗೆ ಮೊಳೆ ಹೊಡೆದಂತೆ ಸಾಲಾಗಿ ಕಾಣುತ್ತವೆ. ಇದೊಂದು ಕ್ವೆರಿ ಸಾಕು, ಬೇರೆ ಸಾಕ್ಷಿ ಬೇಡ.

## ಕನ್ನಡ ಪುಟ, ಅಮೆರಿಕದ ಕ್ರಮ

ಜ್ಯಾಂಗೋ ಪ್ರತಿ ಭಾಷೆಗೂ ಒಂದು ಫಾರ್ಮ್ಯಾಟ್ ಕಡತ ಇಟ್ಟುಕೊಂಡಿರುತ್ತದೆ. ಜರ್ಮನ್ ಕಡತದಲ್ಲಿ ಇನ್‌ಪುಟ್ ಪಟ್ಟಿ ದಿನ.ತಿಂಗಳು.ವರ್ಷ ಎಂದೇ ಶುರು. ಕನ್ನಡದ ಕಡತ ತೆರೆದು ನೋಡಿದರೆ ದಿನಾಂಕ ತೋರಿಸುವ ಫಾರ್ಮ್ಯಾಟ್ ಇದೆ. ದಿನಾಂಕ ಓದುವ ಪಟ್ಟಿಯ ಸಾಲು ಮಾತ್ರ ಕಮೆಂಟ್ ಆಗಿ ಮಲಗಿದೆ. ಭಾಷೆಯ ಕಡತದಲ್ಲಿ ಪಟ್ಟಿ ಸಿಗದಿದ್ದರೆ ಜ್ಯಾಂಗೋ ಸೆಟ್ಟಿಂಗ್ಸಿನ ಡೀಫಾಲ್ಟ್ ಪಟ್ಟಿ ಹಿಡಿಯುತ್ತದೆ. ಅದರಲ್ಲಿ ಮೊದಲನೆಯದು ವರ್ಷ-ತಿಂಗಳು-ದಿನ, ಎರಡನೆಯದು ತಿಂಗಳು/ದಿನ/ವರ್ಷ. ಪುಟದಲ್ಲಿ ಒಂದಕ್ಷರ ಇಂಗ್ಲಿಷ್ ಇಲ್ಲದಿದ್ದರೂ 05/03/2024 ಮೇ 3 ಆಗುವುದು ಹೀಗೆ.

ಇಷ್ಟೇ ಆಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು, ಏಕೆಂದರೆ 27/03/2024 ಬರೆದವರಿಗೆ ತಪ್ಪು ದಿನಾಂಕ ಎಂಬ ಸಂದೇಶ ಬರುತ್ತದೆ. ಕಮಿಟ್ ಇತಿಹಾಸದಲ್ಲಿ ನೋಡಿದರೆ ಆ ದೂರು ಬಂದಾಗ ಯಾರೋ ಸೆಟ್ಟಿಂಗ್ಸಿನ ಪಟ್ಟಿಯ ಕೊನೆಗೆ ದಿನ/ತಿಂಗಳು/ವರ್ಷ ಸೇರಿಸಿದ್ದಾರೆ. ಜ್ಯಾಂಗೋ ಪಟ್ಟಿಯನ್ನು ಮೇಲಿನಿಂದ ಒಂದೊಂದಾಗಿ ಪ್ರಯತ್ನಿಸಿ, ಮೊದಲು ಹೊಂದಿದ್ದಕ್ಕೆ ನಿಲ್ಲುತ್ತದೆ. 27/03 ಮೊದಲನೆಯದಕ್ಕೆ ಹೊಂದದೆ ಕೊನೆಯದಕ್ಕೆ ಹೋಗಿ ಸರಿಯಾಗಿ ಓದಿಸಿಕೊಂಡಿತು, ದೂರು ನಿಂತಿತು. 05/03 ಮಾತ್ರ ಮೊದಲಿನಂತೆಯೇ ತಪ್ಪಾಗಿ, ಈಗ ಸದ್ದಿಲ್ಲದೆ, ಒಳಗೆ ಹೋಗುತ್ತಲೇ ಇತ್ತು.

ಲೆಕ್ಕ ಹಾಕಿ ನೋಡಿ. ದಿನವೂ ತಿಂಗಳೂ ಎರಡೂ 12ರೊಳಗಿರುವ ದಿನಾಂಕಗಳು ವರ್ಷಕ್ಕೆ 144. ಅವುಗಳಲ್ಲಿ 1/1, 2/2ರಂಥ 12 ದಿನ ತಿರುಗಿಸಿದರೂ ಒಂದೇ. ಉಳಿದ 132 ದಿನ ತಪ್ಪಾಗಿ ಓದಬಹುದಾದವು, ಅಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಒಂದು ಕ್ರಮ ಹೊಂದದಿದ್ದರೆ ಇನ್ನೊಂದನ್ನು ನೋಡುವ ಪಾರ್ಸರ್ ಉಳಿದ ದಿನಗಳನ್ನು ಸರಿ ಮಾಡಿ ತೋರಿಸಿ ಈ 132ನ್ನು ಮರೆಮಾಚುತ್ತದೆ. ತಪ್ಪು ಎಂದು ಖಡಾಖಂಡಿತ ಹೇಳುವ ಪಾರ್ಸರ್ ಇದಕ್ಕಿಂತ ಎಷ್ಟೋ ವಾಸಿ.

ಮಾಡಿದ ಬದಲಾವಣೆ: ಸೆಟ್ಟಿಂಗ್ಸಿನಲ್ಲಿ ಸೇರಿಸಿದ್ದ ಸಾಲನ್ನು ಕಿತ್ತು, ಫಾರ್ಮ್ಯಾಟ್ ಮಾಡ್ಯೂಲ್ ಪಾತ್ ಎಂಬ ಸೆಟ್ಟಿಂಗಿಗೆ ಪ್ರಾಜೆಕ್ಟಿನೊಳಗಿನ ಒಂದು ಪ್ಯಾಕೇಜಿನ ಹೆಸರು ಕೊಟ್ಟದ್ದು. ಆ ಪ್ಯಾಕೇಜಿನೊಳಗೆ ಭಾಷೆಯ ಕೋಡಿನ ಫೋಲ್ಡರ್, ಅದರೊಳಗೆ ಖಾಲಿ ಇನಿಟ್ ಕಡತ ಮತ್ತು ಫಾರ್ಮ್ಯಾಟ್ಸ್ ಕಡತ. ಕನ್ನಡದ ಪಟ್ಟಿಯಲ್ಲಿ ಮೂರೇ ಮಾದರಿ: ದಿನ/ತಿಂಗಳು/ವರ್ಷ, ದಿನ-ತಿಂಗಳು-ವರ್ಷ, ದಿನ.ತಿಂಗಳು.ವರ್ಷ. ವರ್ಷ ನಾಲ್ಕಂಕಿ ಮಾತ್ರ. ಐಎಸ್‌ಒ ಮಾದರಿಯನ್ನು (ವರ್ಷ-ತಿಂಗಳು-ದಿನ) ಜ್ಯಾಂಗೋ ತಾನೇ ಸೇರಿಸಿಕೊಳ್ಳುತ್ತದೆ. ಫಾರ್ಮ್ಯಾಟುಗಳು ಕ್ಯಾಶ್ ಆಗಿರುವುದರಿಂದ ಸರ್ವರ್ ಪ್ರೋಸೆಸ್ ಮತ್ತೆ ಶುರು ಮಾಡದೆ ಪರೀಕ್ಷಿಸಬೇಡಿ.

ಎರಡಂಕಿ ವರ್ಷ ಬೇಡವೆಂದದ್ದಕ್ಕೆ ಕಾರಣವಿದೆ. ದಿನಾಂಕ ಓದುವ ಪೈಥಾನಿನ ಸ್ಟ್ರಿಪ್‌ಟೈಮ್ (strptime) 00ರಿಂದ 68ರವರೆಗೆ 2000ದ ಸಾಲಿಗೆ, 69ರಿಂದ 99ರವರೆಗೆ 1900ರ ಸಾಲಿಗೆ ಹಾಕುತ್ತದೆ. 67ರಲ್ಲಿ ಹುಟ್ಟಿದವರು 2067ರಲ್ಲಿ ಹುಟ್ಟುತ್ತಾರೆ. ಮೈಎಸ್‌ಕ್ಯುಎಲ್‌ನ ಗಡಿ 70. ಎರಡೂ ಇರುವ ವ್ಯವಸ್ಥೆಯಲ್ಲಿ 69 ಎಂಬ ಒಂದೇ ಅಂಕಿ ಎರಡು ಕಡೆ ಎರಡು ಶತಮಾನ.

ತಿಂಗಳ ಹೆಸರು ಬರೆದರೆ? ಪುಟ ಕನ್ನಡದಲ್ಲಿದ್ದ ಮಾತ್ರಕ್ಕೆ "5 ಮಾರ್ಚ್ 2024" ಪಾರ್ಸ್ ಆಗುವುದಿಲ್ಲ. ಜ್ಯಾಂಗೋದ ಅನುವಾದ ತೋರಿಸುವಾಗ ಮಾತ್ರ ಕೆಲಸ ಮಾಡುತ್ತದೆ. ಸ್ಟ್ರಿಪ್‌ಟೈಮ್ ನೋಡುವುದು ಪ್ರೋಸೆಸ್ಸಿನ ಲೊಕೇಲನ್ನು, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗನ್ನು. ವಿನಂತಿಗೊಮ್ಮೆ ಪ್ರೋಸೆಸ್ ಲೊಕೇಲ್ ಬದಲಿಸುವ ಉಪಾಯ ಕೆಲವೆಡೆ ಕಾಣುತ್ತದೆ. ಮಾಡಬೇಡಿ, ಅದು ಎಲ್ಲ ಥ್ರೆಡ್ಡುಗಳಿಗೂ ಒಂದೇ, ಪಕ್ಕದ ಬಳಕೆದಾರರ ದಿನಾಂಕ ಹಾಳಾಗುತ್ತದೆ.

## ಸರಿಮಾಡಿದ್ದೇ ಹೊಸ ದೋಷ ತಂದದ್ದು

ಡೇಟ್ ಇನ್‌ಪುಟ್ಟಿಗೆ ಎರಡು ಮುಖ. ತೋರಿಕೆ ಬಳಕೆದಾರರ ಬ್ರೌಸರ್ ಅಥವಾ ಯಂತ್ರದ ಲೊಕೇಲಿನಂತೆ. ಒಳಗಿನ ಮೌಲ್ಯ ಯಾವಾಗಲೂ ವರ್ಷ-ತಿಂಗಳು-ದಿನ, 2024-03-05ರಂತೆ. ಸರ್ವರಿಗೆ ಬರುವುದೂ ಇದೇ, ಸರ್ವರ್ ಕೊಡಬೇಕಾದದ್ದೂ ಇದೇ. ಬೇರೆ ರೂಪದಲ್ಲಿ ಕೊಟ್ಟರೆ ಬ್ರೌಸರ್ ತಕರಾರು ಮಾಡುವುದಿಲ್ಲ, ಮೌಲ್ಯವನ್ನು ಖಾಲಿ ಮಾಡಿಬಿಡುತ್ತದೆ. ಎಚ್‌ಟಿಎಂಎಲ್ ನಿಯಮವೇ ಹಾಗಿದೆ.

ಜ್ಯಾಂಗೋದ ಡೇಟ್ ವಿಜೆಟ್ ಮೌಲ್ಯ ಬರೆಯುವಾಗ ಆ ಭಾಷೆಯ ಇನ್‌ಪುಟ್ ಪಟ್ಟಿಯ ಮೊದಲ ಮಾದರಿಯನ್ನು ಬಳಸುತ್ತದೆ. ಜರ್ಮನ್ ಪುಟದಲ್ಲಿ 05.03.2024 ಎಂದು ಬರೆಯಿತು, ಬ್ರೌಸರ್ ಅದನ್ನು ಖಾಲಿ ಮಾಡಿತು, ಬಳಕೆದಾರರು ಫೋನ್ ನಂಬರ್ ತಿದ್ದಿ ಸೇವ್ ಒತ್ತಿದರು, ಫೀಲ್ಡ್ ಕಡ್ಡಾಯವಲ್ಲದ್ದರಿಂದ ಖಾಲಿಯೇ ಸೇವ್ ಆಯಿತು. ಮೂರನೆಯ ದೂರಿನ ಒಳಗುಟ್ಟು ಇಷ್ಟೇ. ಕನ್ನಡ ಪುಟ ಇಲ್ಲಿಯವರೆಗೆ ಬಚಾವಾಗಿದ್ದದ್ದು ಅದಕ್ಕೆ ಸ್ವಂತ ಪಟ್ಟಿ ಇಲ್ಲದ್ದರಿಂದ: ಡೀಫಾಲ್ಟ್ ಪಟ್ಟಿಯ ಮೊದಲ ಮಾದರಿ ಅದೃಷ್ಟಕ್ಕೆ ಐಎಸ್‌ಒ ಆಗಿತ್ತು. ಮೇಲೆ ಹೇಳಿದ ಫಾರ್ಮ್ಯಾಟ್ ಕಡತ ಸೇರಿಸಿದ ಗಳಿಗೆಯಿಂದ ಕನ್ನಡದ ತಿದ್ದುಪಡಿ ಪುಟದಲ್ಲೂ ದಿನಾಂಕ ಮಾಯವಾಗತೊಡಗಿತು.

ಮದ್ದು ಒಂದೇ ಸಾಲು. ವಿಜೆಟ್ ಸೃಷ್ಟಿಸುವಾಗ ಟೈಪ್ ಡೇಟ್ ಎಂದು ಕೊಡುವುದರ ಜೊತೆಗೆ ಫಾರ್ಮ್ಯಾಟ್ ವರ್ಷ-ತಿಂಗಳು-ದಿನ ಎಂದೂ ಸ್ಪಷ್ಟವಾಗಿ ಕೊಡಬೇಕು. ಆಗ ಭಾಷೆಯ ಪಟ್ಟಿಯನ್ನು ಅದು ನೋಡುವುದಿಲ್ಲ. ಎರಡೂ ಬದಲಾವಣೆ ಒಂದೇ ಡಿಪ್ಲಾಯ್‌ನಲ್ಲಿ ಹೋಗಬೇಕು. ಅದೂ ಎಲ್ಲ ಫಾರಂಗಳಲ್ಲಿ. ಟೈಪ್ ಡೇಟ್ ಎಂದು ಟೆಂಪ್ಲೇಟಿನಲ್ಲಿ ಕೈಯಾರೆ ಬರೆದದ್ದು ಎಲ್ಲಾದರೂ ಇದೆಯೇ ಎಂದು ಇಡೀ ರೆಪೋ ಹುಡುಕಿ, ಸಿಗುತ್ತದೆ.

## ಒಂದು ದಿನ ಹಿಂದೆ

ಕ್ಯಾಲೆಂಡರಿನಲ್ಲಿ ದಿನ ಒತ್ತಿದಾಗ ಆ ಲೈಬ್ರರಿ ಸ್ಥಳೀಯ ಮಧ್ಯರಾತ್ರಿಯ ಡೇಟ್ ಆಬ್ಜೆಕ್ಟ್ ಕೊಡುತ್ತಿತ್ತು. ಅದನ್ನು ಟು-ಐಎಸ್‌ಒ-ಸ್ಟ್ರಿಂಗ್ ಮೂಲಕ ಹಾಯಿಸಿ ಮೊದಲ ಹತ್ತು ಅಕ್ಷರ ಕತ್ತರಿಸಿ ಬಾಕ್ಸಿಗೆ ತುಂಬುವುದು ಹಳೆಯ ಕೋಡ್. ಆ ಫಂಕ್ಷನ್ ಕೊಡುವುದು ಯುಟಿಸಿ ಸಮಯ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯ. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಯಂತ್ರದಲ್ಲಿ ಮಾರ್ಚ್ 5ರ 00:00 ಎಂದರೆ ಯುಟಿಸಿಯಲ್ಲಿ ಮಾರ್ಚ್ 4ರ 18:30. ಹತ್ತು ಅಕ್ಷರ ಕತ್ತರಿಸಿದರೆ ಉಳಿಯುವುದು 2024-03-04. ಯುಟಿಸಿಯಲ್ಲೋ ಅದಕ್ಕಿಂತ ಹಿಂದಿನ ಟೈಮ್‌ಝೋನಿನಲ್ಲೋ ಕೂತು ಪರೀಕ್ಷಿಸಿದವರಿಗೆ ಇದು ಯಾವತ್ತೂ ಕಾಣುವುದಿಲ್ಲ. ಟೆಸ್ಟ್ ಓಡುವ ಸರ್ವರುಗಳು ಬಹುಪಾಲು ಯುಟಿಸಿಯಲ್ಲೇ ಇರುತ್ತವೆ.

ಇದರ ಕನ್ನಡಿ ಬಿಂಬವೂ ಇದೆ. ಡೇಟ್ ಕನ್‌ಸ್ಟ್ರಕ್ಟರಿಗೆ 2024-03-05 ಎಂದಷ್ಟೇ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ. ಯುಟಿಸಿಗಿಂತ ಹಿಂದಿರುವವರಿಗೆ ತೋರಿಸುವಾಗ ಮಾರ್ಚ್ 4 ಕಾಣುತ್ತದೆ. ಅದೇ ಸ್ಟ್ರಿಂಗಿಗೆ ಟಿ ಅಕ್ಷರ, 00:00 ಸೇರಿಸಿದರೆ ಸ್ಥಳೀಯ ಸಮಯ. ಹಾಗೆಂದು ಮಧ್ಯರಾತ್ರಿಯನ್ನೂ ನಂಬುವಂತಿಲ್ಲ. ಬೇಸಗೆ ಸಮಯಕ್ಕೆ ಗಡಿಯಾರ ಮುಂದಿಡುವ ಕೆಲವು ಟೈಮ್‌ಝೋನುಗಳಲ್ಲಿ ಆ ದಿನ 00:00 ಎಂಬ ಗಳಿಗೆಯೇ ಇರುವುದಿಲ್ಲ, ನೇರ 01:00. ಸಮೋವಾದಲ್ಲಂತೂ 2011ರ ಡಿಸೆಂಬರ್ 30 ಪೂರ್ತಿಯಾಗಿ ಇಲ್ಲ. ದಿನಾಂಕ ರೇಖೆಯ ಆಚೆಯಿಂದ ಈಚೆಗೆ ಬಂದಾಗ ಆ ದಿನವನ್ನು ಬಿಟ್ಟರು.

ಬುಕಿಂಗ್ ದಿನ ಒಂದು ಕ್ಷಣವಲ್ಲ, ಪಂಚಾಂಗದ ಒಂದು ಚೌಕ. ಆದ್ದರಿಂದ ಡೇಟ್ ಆಬ್ಜೆಕ್ಟನ್ನೇ ದಾರಿಯಿಂದ ತೆಗೆದುಹಾಕುವುದು ಸರಿಯಾದ ದುರಸ್ತಿ. ಇನ್‌ಪುಟ್ಟಿನ ವ್ಯಾಲ್ಯೂ ಸ್ಟ್ರಿಂಗನ್ನು ಹಾಗೇ ಕಳಿಸಿ. ಲೈಬ್ರರಿ ಬಿಡಲು ಆಗದಿದ್ದರೆ ಸ್ಥಳೀಯ ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಬೇರೆಯಾಗಿ ಕೇಳಿ ಜೋಡಿಸಿ. ತಿಂಗಳು ಸೊನ್ನೆಯಿಂದ ಎಣಿಸುವುದರಿಂದ ಒಂದು ಕೂಡಿಸಬೇಕು, ಎರಡಂಕಿಗೆ ಸೊನ್ನೆ ತುಂಬಬೇಕು. ವ್ಯಾಲ್ಯೂ-ಆ್ಯಸ್-ಡೇಟ್ ಎಂಬ ಗುಣ ಕೊಡುವುದೂ ಯುಟಿಸಿ ಮಧ್ಯರಾತ್ರಿಯನ್ನೇ. ಅದನ್ನು ಬಳಸಿದರೆ ಯುಟಿಸಿ ಗೆಟರುಗಳಿಂದಲೇ ಓದಿ. ಜಾವಾಸ್ಕ್ರಿಪ್ಟಿನ ಹೊಸ ದಿನಾಂಕ ಸೌಲಭ್ಯವಾದ ಟೆಂಪೊರಲ್ ಇರುವ ಪರಿಸರದಲ್ಲಿ ಪ್ಲೇನ್-ಡೇಟ್ ಬಳಸಿ, ಅದು ಇದಕ್ಕೆಂದೇ ಮಾಡಿದ್ದು. ಡೇಟಾಬೇಸಿನಲ್ಲೂ ಡೇಟ್ ಕಾಲಂ, ಟೈಮ್‌ಸ್ಟ್ಯಾಂಪ್ ಅಲ್ಲ.

## ಯಾವ ಫೀಲ್ಡ್ ಎಲ್ಲಿ

ಗ್ರಾಹಕರ ಪುಟದಿಂದ ಟೆಕ್ಸ್ಟ್ ಬಾಕ್ಸನ್ನೂ ಲೈಬ್ರರಿಯನ್ನೂ ತೆಗೆದು ಬ್ರೌಸರಿನ ಡೇಟ್ ಇನ್‌ಪುಟ್ ಹಾಕಲಾಯಿತು. ಕನ್ನಡಕ್ಕಿಂತ ಇಂಗ್ಲಿಷಿಗೇ ಇದರ ಅಗತ್ಯ ಹೆಚ್ಚು. ಭಾಷೆ ಇಂಗ್ಲಿಷ್ ಎಂದು ಗೊತ್ತಾದರೆ ಕ್ರಮ ಗೊತ್ತಾದಂತಲ್ಲ: ಅಮೆರಿಕದವರು ತಿಂಗಳು ಮೊದಲು, ಬ್ರಿಟನ್ನಿನವರು ದಿನ ಮೊದಲು, ನಡುವಿನ ಗೆರೆ ಇಬ್ಬರದೂ ಒಂದೇ. ಸರ್ವರ್ ಎಷ್ಟು ಜಾಣನಾದರೂ ಅದು ಅಡ್ಡಗೋಡೆ ಮೇಲಿನ ದೀಪವೇ. ಡೇಟ್ ಇನ್‌ಪುಟ್ ಈ ಪ್ರಶ್ನೆಯನ್ನು ಬಳಕೆದಾರರ ಯಂತ್ರದಲ್ಲೇ ತೀರಿಸಿ ಕಳಿಸುತ್ತದೆ.

ಆದರೆ ಅದಕ್ಕೂ ಚಾಳಿಗಳಿವೆ. ಕ್ರೋಮ್‌ನಲ್ಲಿ ವರ್ಷದ ಜಾಗದಲ್ಲಿ 24 ಎಂದು ಟೈಪ್ ಮಾಡಿ ಹೊರಬಂದರೆ 0024 ಆಗುತ್ತದೆ, ಮಿನ್ ಗುಣ ಇಲ್ಲದಿದ್ದರೆ ಅದು ಸಿಂಧುವಾದ ದಿನಾಂಕವೇ. ಮ್ಯಾಕ್ಸ್ ಇಲ್ಲದಿದ್ದರೆ ವರ್ಷಕ್ಕೆ ಆರಂಕಿವರೆಗೂ ಟೈಪ್ ಮಾಡಲು ಬಿಡುತ್ತದೆ. 9999-12-31 ಎಂದೋ ಇನ್ನೂ ಹತ್ತಿರದ ಮಿತಿಯನ್ನೋ ಕೊಟ್ಟರೆ ನಾಲ್ಕಂಕಿಗೆ ನಿಲ್ಲುತ್ತದೆ. ಅರ್ಧ ತುಂಬಿದ ದಿನಾಂಕದ ವ್ಯಾಲ್ಯೂ ಖಾಲಿ ಸ್ಟ್ರಿಂಗ್. ಖಾಲಿ ಬಿಟ್ಟದ್ದೋ ಅರ್ಧ ಬರೆದದ್ದೋ ತಿಳಿಯಲು ವ್ಯಾಲಿಡಿಟಿಯೊಳಗಿನ ಬ್ಯಾಡ್-ಇನ್‌ಪುಟ್ ನೋಡಬೇಕು. ಪುಟದ ಲ್ಯಾಂಗ್ ಗುಣ ಕನ್ನಡ ಎಂದಿದ್ದರೆ ಫೀಲ್ಡಿನ ತೋರಿಕೆಯೂ ಆ ಕ್ರಮಕ್ಕೆ ಬರುತ್ತದೆಂದು ನೆಚ್ಚಬೇಡಿ. ಹಾಗಾಗಿ ಪಕ್ಕದಲ್ಲಿ "ದಿನ/ತಿಂಗಳು/ವರ್ಷ" ಎಂದು ಸುಳಿವು ಬರೆಯುವುದು ತಪ್ಪು. ಫೀಲ್ಡ್ ಒಳಗೆ ತಿಂಗಳು ಮೊದಲು ಕಂಡರೆ ಸುಳಿವೇ ದಾರಿ ತಪ್ಪಿಸುತ್ತದೆ. ಬದಲಿಗೆ, ಆರಿಸಿದ ಕೂಡಲೇ ಕೆಳಗೆ "5 ಮಾರ್ಚ್ 2024, ಮಂಗಳವಾರ" ಎಂದು ತಿಂಗಳ ಹೆಸರಿನೊಡನೆ ತೋರಿಸಿ. ಅದನ್ನು ಏರಿಯಾ-ಲೈವ್ (aria-live) ಪೊಲೈಟ್ ಇರುವ ಪೆಟ್ಟಿಗೆಯಲ್ಲಿಟ್ಟರೆ ಸ್ಕ್ರೀನ್ ರೀಡರೂ ಓದುತ್ತದೆ. ಇದಕ್ಕೆ ಜಾವಾಸ್ಕ್ರಿಪ್ಟಿನ ಇಂಟ್ಲ್ ಡೇಟ್-ಟೈಮ್-ಫಾರ್ಮ್ಯಾಟ್ ಬಳಸುವಾಗ ಟೈಮ್‌ಝೋನ್ ಯುಟಿಸಿ, ಕ್ಯಾಲೆಂಡರ್ ಗ್ರೆಗರಿ ಎಂದು ಎರಡನ್ನೂ ಕೊಡಿ. ಇಲ್ಲವಾದರೆ ಥಾಯ್ ಲೊಕೇಲಿನಲ್ಲಿ 2024ರ ಬದಲು 2567 ಕಾಣುತ್ತದೆ, ಬೌದ್ಧ ಶಕೆಗೂ ನಮ್ಮ ಲೆಕ್ಕಕ್ಕೂ 543 ವರ್ಷದ ಅಂತರ.

ಜನ್ಮದಿನಾಂಕಕ್ಕೆ ಕ್ಯಾಲೆಂಡರ್ ಬೇಡವೇ ಬೇಡ. ನಲವತ್ತು ವರ್ಷ ಹಿಂದಕ್ಕೆ ಒತ್ತುತ್ತ ಹೋಗುವವರು ಯಾರು? ಅಲ್ಲಿ ದಿನ, ತಿಂಗಳು, ವರ್ಷ ಎಂದು ಹೆಸರು ಹೊತ್ತ ಮೂರು ಬಾಕ್ಸ್. ಟೈಪ್ ಟೆಕ್ಸ್ಟ್, ಇನ್‌ಪುಟ್-ಮೋಡ್ ನ್ಯೂಮರಿಕ್. ಟೈಪ್ ನಂಬರ್ ಹಾಕಿದರೆ ಮೌಸಿನ ಗಾಲಿ ತಿರುಗಿಸುವಾಗ ಅಂಕಿ ಬದಲಾಗುವ ಅಪಾಯವಿದೆ.

ಕೌಂಟರ್ ಸಿಬ್ಬಂದಿಯ ಪುಟದಲ್ಲಿ ಮಾತ್ರ ಟೆಕ್ಸ್ಟ್ ಬಾಕ್ಸ್ ಉಳಿಸಿದ್ದು. ದಿನವಿಡೀ ದಿನಾಂಕ ಹೊಡೆಯುವವರಿಗೆ ಅದೇ ವೇಗ. ಅಲ್ಲಿ ಸುಳಿವು ಬೇಕು, ಅದೂ 27/3/2024ರಂತೆ ದಿನ 12 ಮೀರಿದ ಉದಾಹರಣೆ. 05/03 ಎಂದು ಉದಾಹರಣೆ ಕೊಟ್ಟರೆ ಏನನ್ನೂ ಹೇಳಿದಂತಾಗುವುದಿಲ್ಲ. ಈ ಬಾಕ್ಸಿನ ಜೊತೆ ಒಂದು ಹಿಡನ್ ಫೀಲ್ಡಿನಲ್ಲಿ ಕ್ರಮವೂ ಹೋಗುತ್ತದೆ: ಡಿಎಂವೈ (ದಿನ ಮೊದಲು), ಎಂಡಿವೈ (ತಿಂಗಳು ಮೊದಲು), ವೈಎಂಡಿ (ವರ್ಷ ಮೊದಲು) ಮೂರರಲ್ಲಿ ಒಂದು, ಬೇರೆ ಏನು ಬಂದರೂ ತಿರಸ್ಕಾರ. ಸೆಷನ್ನಿನ ಭಾಷೆ ನೋಡಿದರೆ ಸಾಲದೇ ಎಂದರೆ, ಸಾಲದು. ಒಂದು ಟ್ಯಾಬಿನಲ್ಲಿ ಕನ್ನಡ ಫಾರಂ ತೆರೆದು, ಇನ್ನೊಂದರಲ್ಲಿ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ, ಮೊದಲ ಟ್ಯಾಬಿಗೆ ಮರಳಿ ಸಬ್ಮಿಟ್ ಒತ್ತಿ ನೋಡಿ. ಬರೆದದ್ದು ಒಂದು ಕ್ರಮದಲ್ಲಿ, ಓದುವುದು ಇನ್ನೊಂದರಲ್ಲಿ.

## ಪಾರ್ಸರಿನೊಳಗೆ

ಈ ಟೆಕ್ಸ್ಟ್ ಬಾಕ್ಸಿಗಾಗಿ ಬರೆದ ಪಾರ್ಸರ್ ಮೊದಲು ಕಾಣದ ಅಕ್ಷರಗಳನ್ನು ತೆಗೆಯುತ್ತದೆ. ಪೈಥಾನಿನ ಸ್ಟ್ರಿಪ್ ಯೂನಿಕೋಡಿನ ಖಾಲಿ ಜಾಗಗಳನ್ನೆಲ್ಲ ತೆಗೆಯುತ್ತದಾದರೂ ಎಡ-ಬಲ ದಿಕ್ಕಿನ ಗುರುತುಗಳನ್ನು (ದಶಮಾಂಶ ಕೋಡ್ 8206, 8207) ಬಿಡುತ್ತದೆ; ಅವು ಖಾಲಿ ಜಾಗದ ವರ್ಗದವಲ್ಲ. ಬೇರೆಡೆಯಿಂದ ಕಾಪಿ ಮಾಡಿ ಅಂಟಿಸಿದ ದಿನಾಂಕ ಕಣ್ಣಿಗೆ ಸರಿಯಾಗಿ ಕಂಡೂ ತಿರಸ್ಕೃತವಾಗುತ್ತಿದ್ದರೆ ಇವನ್ನೇ ಶಂಕಿಸಿ. ಅಕ್ಷರಗಳನ್ನು ಬಿಡಿಸುವ 8204, ಜೋಡಿಸುವ 8205 ಎಂಬ ಕಾಣದ ಗುರುತುಗಳನ್ನೂ ತೆಗೆಯಿರಿ.

ಆಮೇಲೆ ಅಂಕಿಗಳು. ಕನ್ನಡ ಅಂಕಿಗಳು ಯೂನಿಕೋಡಿನಲ್ಲಿ 3302ರಿಂದ 3311. ಪೈಥಾನಿನ ಇಂಟ್ "೧೨" ಕೊಟ್ಟರೆ 12 ಎನ್ನುತ್ತದೆ, ಅದರ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಅಂಕಿ-ವರ್ಗವೂ ಅವನ್ನು ಒಪ್ಪುತ್ತದೆ. ಜಾವಾಸ್ಕ್ರಿಪ್ಟಿನ ಅದೇ ವರ್ಗ 0ರಿಂದ 9 ಮಾತ್ರ. ನಂಬರ್ ಫಂಕ್ಷನ್ "೧೨"ಕ್ಕೆ ಎನ್‌ಎಎನ್ (ಸಂಖ್ಯೆಯಲ್ಲ ಎಂಬ ಗುರುತು) ಕೊಡುತ್ತದೆ. ಒಂದೇ ನಮೂನೆಯನ್ನು ಎರಡೂ ಕಡೆ ನಕಲು ಮಾಡಿದವರಿಗೆ ಸರ್ವರ್ ಒಪ್ಪಿದ್ದನ್ನು ಬ್ರೌಸರ್ ತಳ್ಳುವ ವಿಚಿತ್ರ ಎದುರಾಗುವುದು ಇದರಿಂದ. ಒಂದೇ ಅಕ್ಷರದ ಬೇರೆ ರೂಪಗಳನ್ನು ಒಂದಾಗಿಸುವ ಎನ್‌ಎಫ್‌ಕೆಸಿ ನಾರ್ಮಲೈಸ್ ಮಾಡಿದರೆ ಕನ್ನಡ ಅಂಕಿ 0-9 ಆಗುತ್ತದೆಂಬುದು ತಪ್ಪು ತಿಳಿವಳಿಕೆ. ಪೂರ್ಣ ಅಗಲದ ಅಂಕಿಗಳು ಆಗುತ್ತವೆ, ಇವು ಆಗುವುದಿಲ್ಲ. ಪ್ರತಿ ಅಕ್ಷರವನ್ನೂ ಯೂನಿಕೋಡ್-ಡೇಟಾ ಮಾಡ್ಯೂಲಿನ ಡೆಸಿಮಲ್ ಫಂಕ್ಷನ್ನಿಗೆ ಕೊಟ್ಟು ಬದಲಿಸಿ. ಡಿಜಿಟ್ ಎಂಬ ಫಂಕ್ಷನ್ ಬೇಡ, ಅದು ಘಾತಾಂಕದ ಸಣ್ಣ 2ನ್ನೂ ಅಂಕಿ ಎನ್ನುತ್ತದೆ.

ಕನ್ನಡಕ್ಕೇ ವಿಶಿಷ್ಟವಾದ ಒಂದು ಎಡವಟ್ಟು: ಸೊನ್ನೆ ೦ ಮತ್ತು ಅನುಸ್ವಾರ ಂ. "೧೦" ಮತ್ತು "೧ಂ" ಪರದೆಯ ಮೇಲೆ ಹೆಚ್ಚುಕಮ್ಮಿ ಒಂದೇ. ಅನುಸ್ವಾರದ ಕೋಡ್ 3202, ಅದು ಅಂಕಿಯಲ್ಲ, ಆದ್ದರಿಂದ ಪಾರ್ಸರ್ ಮುಗ್ಗರಿಸುತ್ತದೆ. ಬಳಕೆದಾರರಿಗೆ ತಪ್ಪೇನೆಂದು ತಿಳಿಯುವುದೇ ಇಲ್ಲ. ಕನ್ನಡ ಅಂಕಿಯ ಪಕ್ಕದಲ್ಲಿ ಬಂದ ಅನುಸ್ವಾರವನ್ನು ಸೊನ್ನೆ ಎಂದೇ ಓದಿಸಿದ್ದಾಯಿತು. ದಿನಾಂಕದ ಫೀಲ್ಡಿನಲ್ಲಿ ಅದಕ್ಕೆ ಬೇರೆ ಅರ್ಥ ಇರಲು ಸಾಧ್ಯವಿಲ್ಲ, ಹಾಗಾಗಿ ಇಲ್ಲಿ ಊಹೆ ಸುರಕ್ಷಿತ.

ಈಗ ವಿಭಜಕ. ಓರೆಗೆರೆ (/), ಅಡ್ಡಗೆರೆ (-), ಚುಕ್ಕಿ, ಖಾಲಿ ಜಾಗ ಯಾವುದಾದರೂ ಸರಿ, ಎರಡು ಕಡೆಯೂ ಒಂದೇ ಇರಬೇಕು. ಮೊದಲ ಭಾಗ ನಾಲ್ಕಂಕಿಯಾದರೆ ಹಿಡನ್ ಫೀಲ್ಡ್ ಏನೇ ಹೇಳಲಿ ವರ್ಷ-ತಿಂಗಳು-ದಿನ. ಮೂರು ಸಂಖ್ಯೆ ಸಿಕ್ಕ ಮೇಲೆ ನೇರ ಡೇಟ್ ಕನ್‌ಸ್ಟ್ರಕ್ಟರಿಗೆ. ಫೆಬ್ರವರಿ 30 ಕೊಟ್ಟರೆ ಪೈಥಾನ್ ದೋಷ ಎಸೆಯುತ್ತದೆ. ಐಎಸ್‌ಒ ಸ್ಟ್ರಿಂಗಿಗೆ ಫ್ರಮ್-ಐಎಸ್‌ಒ-ಫಾರ್ಮ್ಯಾಟ್ ಸಾಕು ಅನ್ನಿಸಬಹುದು. ಆದರೆ ಪೈಥಾನ್ 3.11ರಿಂದ ಅದು 20240305ನ್ನೂ ವಾರದ ಸಂಖ್ಯೆಯ ರೂಪವನ್ನೂ ಒಪ್ಪುತ್ತದೆ. ನಾಲ್ಕು-ಎರಡು-ಎರಡು ಅಂಕಿಯ ಕಟ್ಟುನಿಟ್ಟಿನ ನಮೂನೆಯಲ್ಲಿ ಮೊದಲು ಸೋಸಿ.

ಬೇರೆ ಭಾಷೆಯಲ್ಲಿ ಇದನ್ನೇ ಕಟ್ಟುವವರಿಗೆ: ಪಿಎಚ್‌ಪಿಯ ಸ್ಟ್ರ್-ಟು-ಟೈಮ್ ವಿಭಜಕ ನೋಡಿ ಕ್ರಮ ತೀರ್ಮಾನಿಸುತ್ತದೆ, 05/03/2024 ಎಂದರೆ ಮೇ 3, 05-03-2024 ಎಂದರೆ ಮಾರ್ಚ್ 5. ಕ್ರಿಯೇಟ್-ಫ್ರಮ್-ಫಾರ್ಮ್ಯಾಟ್ 31/02/2024ನ್ನು ಮಾರ್ಚ್ 2ಕ್ಕೆ ಉರುಳಿಸಿ ವಾರ್ನಿಂಗನ್ನು ಮಾತ್ರ ಒಳಗೆ ಬರೆದಿಡುತ್ತದೆ. ಚೆಕ್‌ಡೇಟ್ ಪ್ರತ್ಯೇಕವಾಗಿ ಮಾಡಿ. ಜಾವಾದಲ್ಲಿ ರಿಸಾಲ್ವರ್ ಸ್ಟೈಲ್ ಸ್ಟ್ರಿಕ್ಟ್ ಇಟ್ಟು, ವರ್ಷಕ್ಕೆ ಸಣ್ಣ ಯು ಅಕ್ಷರ ನಾಲ್ಕು ಬಾರಿ. ಸಣ್ಣ ವೈ ಇದ್ದರೆ ಸ್ಟ್ರಿಕ್ಟ್ ಶಕೆಯನ್ನೂ ಕೇಳುತ್ತದೆ. ದೊಡ್ಡ ವೈ ವಾರಾಧಾರಿತ ವರ್ಷ, ಡಿಸೆಂಬರ್ ಕೊನೆಯಲ್ಲಿ ಕೈಕೊಡುತ್ತದೆ. ಎಸ್‌ಕ್ಯುಎಲ್ ಸರ್ವರಿನ ಹಳೆಯ ಡೇಟ್‌ಟೈಮ್ ಕಾಲಮಿಗೆ 2024-03-05 ಎಂಬ ಸ್ಟ್ರಿಂಗ್ ಕೂಡ ಸುರಕ್ಷಿತವಲ್ಲ: ಭಾಷೆ ಬ್ರಿಟಿಷ್ ಎಂದಿದ್ದರೆ ಮೇ 3 ಆಗುತ್ತದೆ. ಪೋಸ್ಟ್‌ಗ್ರೆಸ್ ಕೂಡ 05/03/2024ರಂಥ ಓರೆಗೆರೆಯ ದಿನಾಂಕವನ್ನು ಡೇಟ್‌ಸ್ಟೈಲ್ ಸೆಟ್ಟಿಂಗ್ ನೋಡಿ ಓದುತ್ತದೆ. ಸ್ಟ್ರಿಂಗ್ ಜೋಡಿಸದೆ ಪ್ಯಾರಾಮೀಟರ್ ಆಗಿ ಕಳಿಸಿದರೆ ಇದಾವುದೂ ಬಾಧಿಸದು.

ಕೊನೆಯ ಬೇಲಿ ವ್ಯಾಪ್ತಿ. 60 ದಿನದ ನಿಯಮ ಈಗ ಸರ್ವರಿನಲ್ಲಿದೆ. 0024, 2567 ಎರಡೂ ಅಲ್ಲೇ ಬೀಳುತ್ತವೆ. "ಇಂದು" ಯಾರ ಇಂದು ಎಂಬುದನ್ನು ಮಾತ್ರ ತೀರ್ಮಾನಿಸಿ. ಯುಟಿಸಿಯ ಇಂದು ಬಳಸಿದರೆ ಯುಟಿಸಿಗಿಂತ ಹಿಂದಿರುವವರು ಸಂಜೆ ಹೊತ್ತು ತಮ್ಮ ಇಂದಿಗೆ ಬುಕ್ ಮಾಡಲಾರರು. ಇಲ್ಲಿ ಸೇವೆ ನಡೆಯುವ ಜಾಗದ ಟೈಮ್‌ಝೋನನ್ನೇ ಹಿಡಿಯಲಾಯಿತು. ದೋಷ ಬಂದಾಗ ಬಾಕ್ಸಿನಲ್ಲಿ ಬಳಕೆದಾರರು ಬರೆದದ್ದನ್ನೇ ಮತ್ತೆ ತೋರಿಸಿ, ತಿದ್ದಿ ಬರೆದದ್ದನ್ನಲ್ಲ.

## ಟೆಸ್ಟ್, ನಂತರ ಹಳೆಯ ಸಾಲುಗಳು

ಬ್ರೌಸರ್ ಟೆಸ್ಟುಗಳನ್ನು ಎರಡು ತುದಿಯ ಟೈಮ್‌ಝೋನಿನಲ್ಲಿ ಓಡಿಸಿ: ಪೆಸಿಫಿಕ್/ಕಿರಿಟಿಮಾಟಿ ಯುಟಿಸಿಗಿಂತ 14 ಗಂಟೆ ಮುಂದೆ, ಪೆಸಿಫಿಕ್/ಪಾಗೊ-ಪಾಗೊ 11 ಗಂಟೆ ಹಿಂದೆ. ಬ್ರೌಸರನ್ನು ತಾನೇ ಓಡಿಸಿ ಪರೀಕ್ಷಿಸುವ ಪ್ಲೇರೈಟಿನಲ್ಲಿ ಲೊಕೇಲನ್ನೂ ಟೈಮ್‌ಝೋನನ್ನೂ ಕಾಂಟೆಕ್ಸ್ಟಿಗೇ ಕೊಡಬಹುದು. ಡೇಟ್ ಇನ್‌ಪುಟ್ಟಿಗೆ ಫಿಲ್ ಮಾಡುವಾಗ ಐಎಸ್‌ಒ ರೂಪವೇ ಬೇಕು. ಅಂಥದೇ ಸಾಧನವಾದ ಸೆಲೆನಿಯಮಿನಲ್ಲಿ ಕೀಲಿ ಒತ್ತಿಸಿದರೆ ಅದು ತೋರಿಕೆಯ ಕ್ರಮದಲ್ಲಿ ತುಂಬುತ್ತದೆ, ಹಾಗಾಗಿ ಒಂದು ಯಂತ್ರದಲ್ಲಿ ಪಾಸಾದ ಟೆಸ್ಟ್ ಇನ್ನೊಂದರಲ್ಲಿ ದಿನ-ತಿಂಗಳು ಅದಲುಬದಲಾಗಿ ಬೀಳುತ್ತದೆ. ದಿನಾಂಕಗಳ ಪಟ್ಟಿಯಲ್ಲಿ 05/03, 27/03, 03/03, 2024ರ ಫೆಬ್ರವರಿ 29 (ಸರಿ), 2023ರದು (ತಪ್ಪು), 2100ರದು (ಅದೂ ತಪ್ಪು), ಏಪ್ರಿಲ್ 31, "೦೫/೦೩/೨೦೨೪", "೧ಂ/೦೩/೨೦೨೪" ಇರಲಿ. ತಿದ್ದುಪಡಿ ಪುಟಕ್ಕೆ ಪ್ರತ್ಯೇಕ ಟೆಸ್ಟ್: ಪ್ರತಿ ಭಾಷೆಯಲ್ಲೂ ತೆರೆದು, ಏನನ್ನೂ ಮುಟ್ಟದೆ ಸೇವ್ ಮಾಡಿ, ದಿನಾಂಕ ಹಾಗೇ ಇದೆಯೇ ನೋಡುವುದು.

ಹಳೆಯ ಸಾಲುಗಳನ್ನು ಒಂದೇ ಏಟಿಗೆ ತಿರುಗಿಸುವಂತಿಲ್ಲ. ಕ್ಯಾಲೆಂಡರಿನಿಂದ ಬಂದ ಐಎಸ್‌ಒ ದಿನಾಂಕಗಳು ಅದಲುಬದಲಾಗಿಲ್ಲ. ದಾಖಲಾದ ದಿನ 12ರೊಳಗಿದ್ದು ತಿಂಗಳಿಗೆ ಸಮನಲ್ಲದವನ್ನಷ್ಟೇ ತೆಗೆದುಕೊಂಡು 60 ದಿನದ ಕಿಟಕಿಯಲ್ಲಿಟ್ಟು ನೋಡಲಾಯಿತು. ದಾಖಲಾದದ್ದು ಕಿಟಕಿಯ ಹೊರಗೆ, ತಿರುಗಿಸಿದ್ದು ಒಳಗೆ ಇದ್ದರೆ ತಿರುಗಿಸಿ. ದಾಖಲಾದದ್ದು ಒಳಗೆ, ತಿರುಗಿಸಿದ್ದು ಹೊರಗೆ ಇದ್ದರೆ ಮುಟ್ಟಬೇಡಿ. ಎರಡೂ ಒಳಗಿದ್ದರೆ, ಉದಾಹರಣೆಗೆ ಮಾರ್ಚ್ 1ರಂದು ಸೃಷ್ಟಿಯಾಗಿ ಏಪ್ರಿಲ್ 3 ಎಂದು ಕೂತದ್ದು (ಮಾರ್ಚ್ 4ರ ಬುಕಿಂಗೂ ಇರಬಹುದು), ಬಳಕೆದಾರರನ್ನು ಕೇಳದೆ ಬೇರೆ ದಾರಿಯಿಲ್ಲ. ಪ್ರತಿ ಬದಲಾವಣೆಗೂ ಹಳೆಯ ಮೌಲ್ಯವನ್ನು ಇನ್ನೊಂದು ಕಾಲಮಿನಲ್ಲಿ ಉಳಿಸಿ.

ಒಂದು ದಿನ ಹಿಂದೆ ಬಿದ್ದವು ಇದಕ್ಕಿಂತ ಕಷ್ಟ. ವಾರದ ರಜೆಯ ದಿನ ಬುಕಿಂಗ್ ಕಂಡರೆ ಅದು ಮರುದಿನದ್ದಿರುವ ಸಾಧ್ಯತೆ ಹೆಚ್ಚು, ಆದರೆ ಟೈಪ್ ಮಾಡಿದ್ದೋ ಅದಲುಬದಲಾದದ್ದೋ ಕೂಡ ಇರಬಹುದು, ಹಾಗಾಗಿ ಕೇಳಿಯೇ ಸರಿಸಿ. ಉಳಿದವಕ್ಕೆ ಬಳಕೆದಾರರ ಟೈಮ್‌ಝೋನ್ ಪ್ರೊಫೈಲಿನಲ್ಲಿದ್ದರೂ, ಅವರು ಟೈಪ್ ಮಾಡಿದರೋ ಕ್ಯಾಲೆಂಡರಿನಲ್ಲಿ ಒತ್ತಿದರೋ ಎಂದು ಹಳೆಯ ಸಾಲು ಹೇಳುವುದಿಲ್ಲ. ಮುಂದಿನ ದಿನಾಂಕದವುಗಳಿಗೆ ದೃಢೀಕರಣದ ಸಂದೇಶ ಕಳಿಸಲಾಯಿತು, ತಿಂಗಳ ಹೆಸರು ಮತ್ತು ವಾರದ ಸಮೇತ. ಕಳೆದುಹೋದವು "ಖಚಿತವಿಲ್ಲ" ಎಂಬ ಗುರುತಿನೊಡನೆ ಹಾಗೇ ಉಳಿದಿವೆ. ಕಚ್ಚಾ ಅಕ್ಷರದ ಕಾಲಂ ತೆಗೆದಿಲ್ಲ.